ನೀವು ಎಂದು ಬರೆದವರು

ಸಿಗಡಿಯ ತಲೆ ತಿರುವಿ ಕಿತ್ತು, ಹೊಟ್ಟೆಯ ಕಡೆಯಿಂದ ಸಿಪ್ಪೆ ಬಿಡಿಸಿ, ಒಂದೊಂದನ್ನೂ ಗಾಳಕ್ಕೆ ಹಿಡಿಸುವಷ್ಟು ತುಂಡು ಮಾಡಿ ಡಬ್ಬಿಗೆ ಹಾಕುತ್ತಿದ್ದವಳು ನಡುವೆ ಕೈ ನಿಲ್ಲಿಸಿ ನಲ್ಲಿಯನ್ನೇ ನೋಡುತ್ತ ನಿಂತುಬಿಟ್ಟಳು. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದೇನು ಹೊಸದಲ್ಲ. ಆದರೆ ಈಚೀಚೆಗೆ ತೊಟ್ಟು ಬಿದ್ದಾಗಲೆಲ್ಲ ನೀವು, ನೀವು, ಎಂದು ಯಾರೋ ಮೆಲ್ಲಗೆ ಮಾತಾಡಿಸಿದ ಹಾಗೆ ಕೇಳಿಸುತ್ತಿತ್ತು. ಥೂ ಎಂದುಕೊಂಡು ನಲ್ಲಿಯ ಕಿವಿ ಹಿಂಡಿದಳು. ನಿಲ್ಲಲಿಲ್ಲ. ಮತ್ತೆ ಸಿಗಡಿಗೆ ಕೈ ಹಾಕಿದಳು. ವಾರಕ್ಕೊಂದು ರಜೆ, ಊರೆಲ್ಲ ದುಡಿಯುವ ದಿನ ಅವಳಿಗೆ ಬಿಡುವು, ಊರೆಲ್ಲ ಮಲಗಿರುವ ದಿನ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಿಂತು ದಿಂಬಿನ ಚೀಲಗಳಿಗೆ ಇಸ್ತ್ರಿ. ಆ ಬಿಡುವಿನಲ್ಲಿ ಗೆಳತಿಯ ದೋಣಿ ಹತ್ತಿ, ದಡದ ಕಿಟಕಿಗಳು ಕಾಣುವಷ್ಟು ದೂರದಲ್ಲೇ ಗಾಳ ಇಳಿಬಿಟ್ಟು ಕೂರುವುದು ಎಷ್ಟೋ ವರ್ಷದಿಂದ ನಡೆದು ಬಂದದ್ದು. ಮೀನು ಸಿಕ್ಕರೂ ಆಯಿತು, ಸಿಗದಿದ್ದರೂ ಆಯಿತು. ಇವತ್ತು ಮಾತ್ರ ಕೈಚೀಲದಲ್ಲಿ ನೀರಿನ ಬಾಟಲಿ, ಹಳೆ ಟವೆಲುಗಳ ಜೊತೆ ತಂಗಿಯ ಕಾಗದವೂ ಕೂತಿತ್ತು. ಅದನ್ನು ಆ ಗೆಳತಿಗೆ, ಲಂಗರು ಎಂದು ಎಲ್ಲರೂ ಕರೆಯುವವಳಿಗೆ, ಓದಿ ಹೇಳಬೇಕು, ಏನು ಉತ್ತರ ಬರೆಯಲಿ ಎಂದು ಕೇಳಬೇಕು, ಇನ್ನು ಇಟ್ಟುಕೊಂಡು ಕೂರಲಾಗದು ಎಂದು ನಿನ್ನೆ ಸಂಜೆಯೇ ಗಟ್ಟಿ ಮಾಡಿಕೊಂಡಿದ್ದಳು. ಈಗ ಬೆಳಗಾಗುತ್ತಿದ್ದ ಹಾಗೆ ಆ ಗಟ್ಟಿ ನೀರಾಗತೊಡಗಿತ್ತು.

ಕಾಗದ ಬಂದದ್ದು ಬಿಸಿಲುಗಾಲದಲ್ಲಿ. ಈಗ ಹವೆ ತಿರುಗಿ, ಈ ಹೊತ್ತಿಗೆ ಮೈಮೇಲೊಂದು ಸ್ವೆಟರು ಬೇಕೆನಿಸುತ್ತಿತ್ತು. ಓದಿ ಓದಿ ಬಾಯಿಪಾಠವಾಗಿತ್ತು. ಗಂಟಲಿನಲ್ಲಿ ಗಂಟು ಇದೆಯಂತೆ, ತೆಗೆಯಲೇಬೇಕಂತೆ, ತೆಗೆದ ಮೇಲೆ ದನಿ ಇರುವುದಿಲ್ಲವಂತೆ. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಸರದಿ ಸಿಕ್ಕಿದೆ. 'ಅದಕ್ಕೆ ಮೊದಲು ನೀವು ಒಮ್ಮೆ ಬಂದರೆ ಮಾತಾಡಬಹುದಿತ್ತು. ಬರಲಾಗದಿದ್ದರೆ ತಿಳಿಸಿ.' ಅಷ್ಟೇ. ದುಂಡನೆಯ ಅಕ್ಷರ, ಒತ್ತು ದೀರ್ಘ ಎಲ್ಲೂ ತಪ್ಪಿಲ್ಲ. ಮೊದಲ ಸಲ ಓದಿದಾಗ ಗಂಟಲಿನ ಗಂಟು ಅವಳ ಮನಸ್ಸಿಗೆ ಇಳಿಯಲೇ ಇಲ್ಲ, ಇಳಿದದ್ದು ನೀವು. ಇದು ಯಾರಿಗೂ ಹೇಳಿಕೊಳ್ಳುವ ಮಾತಲ್ಲ. ಒಡಹುಟ್ಟಿದವಳ ಕುತ್ತಿಗೆಗೆ ಕತ್ತರಿ ಬರುತ್ತಿರುವಾಗ ಏಕವಚನ ಬಹುವಚನ ಹುಡುಕುತ್ತ ಕೂತ ಹೆಂಗಸು ಇನ್ನೆಲ್ಲಾದರೂ ಇದ್ದಾಳೆಯೆ? ಆದರೆ ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಬಾಚಣಿಗೆಯಲ್ಲಿ ಹೇನು ತೆಗೆಸಿಕೊಂಡು, ಹೋಗೇ ಬಾರೇ ಎಂದು ಬೈದಾಡಿಕೊಂಡು ಬೆಳೆದವಳು ನೀವು ಎಂದು ಬರೆದರೆ ಅದು ಮರ್ಯಾದೆಯಲ್ಲ, ಕದ. ಉತ್ತರ ಬರೆಯಲು ಎಷ್ಟು ಸಲ ಕೂತಳೋ. 'ತಂಗಿಗೆ' ಎಂಬಲ್ಲಿಯವರೆಗೆ ಪೆನ್ನು ಸರಾಗ ಹೋಗುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಹೇಗಿದ್ದೀಯ ಎಂದು ಬರೆದರೆ, ಏನೂ ಆಗಿಯೇ ಇಲ್ಲವೆಂಬಂತೆ ನಾಟಕ ಆಡುತ್ತಿದ್ದಾಳೆ ಎಂದುಕೊಂಡಾಳು. ಹೇಗಿದ್ದೀರಿ ಎಂದು ಬರೆದರೆ ಕದಕ್ಕೆ ಈ ಕಡೆಯಿಂದಲೂ ಚಿಲಕ ಹಾಕಿದ ಹಾಗೆ. ವಯಸ್ಸಾದ ಮೇಲೆ ಸಂಜೆ ಶಾಲೆಯಲ್ಲಿ ಅಕ್ಷರ ಕಲಿಸಿದ ಮೇಷ್ಟ್ರು ಹೇಳಿದ್ದರು, ದೊಡ್ಡವರಿಗೆ, ಪರಿಚಯ ಇಲ್ಲದವರಿಗೆ ನೀವು. ಚಿಕ್ಕವರಿಗೆ, ಬೇಕಾದವರಿಗೆ ನೀನು. ಹಿಂದಿನ ಬೆಂಚಿನಿಂದ ಲಂಗರು, 'ಹಂಗಾದ್ರೆ ದೇವರಿಗೆ ನೀನು, ಸೂಪರ್‌ವೈಸರಿಗೆ ನೀವು, ಅಲ್ವಾ ಸಾರ್?' ಎಂದು ಇಡೀ ಕ್ಲಾಸನ್ನು ನಗಿಸಿ, ಮಾರನೆಯ ವಾರದಿಂದ ಶಾಲೆಗೆ ಬರುವುದನ್ನೇ ಬಿಟ್ಟಿದ್ದಳು. ಹೀಗೆ ಪೆನ್ನು ಹಿಡಿದು ಕೂತಿದ್ದಂತೆಯೇ ಆ ಮುಂದಿನ ತಿಂಗಳು ಬಂದು, ಹೋಗಿ, ಹಿಂದಿನ ತಿಂಗಳಾಯಿತು. ಆ ತಿಂಗಳು ಮುಗಿದ ದಿನ ಅವಳಿಗೆ ಆದದ್ದು ದುಃಖವಲ್ಲ, ಇದನ್ನಂತೂ ಸಾಯುವ ತನಕ ಬಾಯಿ ಬಿಡಬಾರದು, ಹಗುರ. ಇನ್ನು ಹೋಗಿಯೂ ಮಾತಾಡುವ ಹಾಗಿಲ್ಲವಲ್ಲ ಎಂಬ ಹಗುರ. ಆ ಹಗುರ ಒಂದು ವಾರ ಇತ್ತು. ಆಮೇಲೆ ನಲ್ಲಿ ಮಾತಾಡತೊಡಗಿತು.

ಕಡಲಿಗಿಳಿಯುವ ಮೆಟ್ಟಿಲ ಬುಡದಲ್ಲಿ ಲಂಗರು ಆಗಲೇ ದೋಣಿಯಲ್ಲಿ ನಿಂತು ತಳದ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಲಾಂಡ್ರಿಯಲ್ಲಿ ಒಂದೇ ತೊಟ್ಟಿಯ ಬಳಿ ದುಡಿದ ಕಾಲದಲ್ಲಿ ಇಟ್ಟ ಹೆಸರು ಅದು: ಊಟದ ಹೊತ್ತಿಗೆ ಒಮ್ಮೆ ಕೂತಳೆಂದರೆ ಗಂಟೆ ಹೊಡೆದರೂ ಮೇಲೇಳದ ಹೆಂಗಸು. ಬೆಡ್‌ಶೀಟು ಹಿಂಡುವ ರೋಲರಿಗೆ ಎಡಗೈಯ ಎರಡು ಬೆರಳು ಕೊಟ್ಟ ಮೇಲೆ ಕೆಲಸ ಬಿಟ್ಟು, ಗಂಡ ಬಿಟ್ಟುಹೋದ ದೋಣಿಯನ್ನು ಹಿಡಿದಳು. ಗಂಡ ಸತ್ತನೋ ಓಡಿಹೋದನೋ ಎಂದು ಕೇಳಿದವರಿಗೆ 'ಎರಡೂ' ಎನ್ನುತ್ತಿದ್ದಳು.

"ಬಾ ತಾಯಿ, ಬಾ. ಇಷ್ಟು ಹೊತ್ತು ಏನ್ ಮಾಡ್ತಿದ್ದೆ? ಬಟ್ಟೆ ಮಡಿಕೆ ನೋಡ್ಕೊಂಡು ಮೀನು ಕಚ್ಚುತ್ತೆ ಅಂತ ಇಸ್ತ್ರಿ ಹಾಕ್ತಿದ್ಯಾ?"

"ಸಿಗಡಿ ಬಿಡಿಸ್ತಿದ್ದೆ."

"ಸಿಗಡಿ ಬಿಡಿಸಿದೋಳ ಮುಖ ಹಿಂಗಿರಲ್ಲ. ಸಿಗಡಿನೇ ನಿನ್ನ ಬಿಡಿಸಿದ ಹಂಗಿದೆ."

ನಗು ಬಂತು, ಅರ್ಧಕ್ಕೆ ನಿಂತಿತು. ಕೈಚೀಲವನ್ನು ಎದೆಗೆ ಅವುಚಿಕೊಂಡೇ ದೋಣಿಗೆ ಕಾಲಿಟ್ಟಳು. ದೋಣಿ ಒಂದು ಕಡೆ ವಾಲಿತು, ಲಂಗರು ಇನ್ನೊಂದು ಕಡೆ ಭಾರ ಹಾಕಿ ಸರಿ ಮಾಡಿದಳು. ಇಷ್ಟು ವರ್ಷವಾದರೂ ಹತ್ತುವಾಗ ನಡುವೆ ಕಾಲಿಡಬೇಕೆಂಬುದು ಅವಳಿಗೆ ರೂಢಿಯಾಗಿರಲಿಲ್ಲ. ಮೋಟಾರು ಕೆಮ್ಮಿ, ಮತ್ತೆ ಕೆಮ್ಮಿ, ಹತ್ತಿಕೊಂಡಿತು. ಕಲ್ಲಿನ ಅಲೆತಡೆಯನ್ನು ದಾಟಿ, ನೀರು ಹಸಿರಿನಿಂದ ಬೂದಿಗೆ ತಿರುಗುವ ಕಡೆ, ತಳದಲ್ಲಿ ಮರಳಿದೆ ಎಂದು ಲಂಗರಿಗೆ ಹೇಗೋ ಗೊತ್ತಿರುವ ಜಾಗದಲ್ಲಿ ಮೋಟಾರು ಆರಿಸಿ ಕಲ್ಲು ಕಟ್ಟಿದ ಹಗ್ಗ ಬಿಟ್ಟರು. ಸದ್ದು ನಿಂತ ಮೇಲೆ ಸಮುದ್ರದ ಸುಮ್ಮನಿರುವಿಕೆ ಕಿವಿಯೊಳಗೆ ಬಂದು ಕೂತಿತು. ದಡದ ಮೇಲೆ ಹೋಟೆಲು ಕಾಣುತ್ತಿತ್ತು, ಸಾಲು ಸಾಲು ಕಿಟಕಿ, ಒಂದೊಂದರಲ್ಲೂ ಅವಳ ಕೈ ಹಾದ ಪರದೆ. ಲಾಂಡ್ರಿಗೆ ಕಿಟಕಿಯಿಲ್ಲ, ಹಾಗಾಗಿ ಅದು ಕಾಣುವುದಿಲ್ಲ. ಕಡಲಿನ ಇಳಿತ ಇನ್ನೂ ಮುಗಿದಿರಲಿಲ್ಲ.

ದಾರದ ಉಂಡೆಯನ್ನು ಬಿಚ್ಚಿ, ಗಾಳಕ್ಕೆ ಸಿಗಡಿಯ ತುಂಡು ಸಿಕ್ಕಿಸಿ, ಸೀಸದ ಗುಂಡು ತಳ ಮುಟ್ಟಿ ದಾರ ಸಡಿಲಾಗುವ ತನಕ ಬಿಟ್ಟು, ಆಮೇಲೆ ಒಂದು ಗೇಣು ಮೇಲೆತ್ತಿ, ತೋರುಬೆರಳ ಮೇಲೆ ಹಾಯಿಸಿ ಹಿಡಿಯಬೇಕು. ಮಿಕ್ಕದ್ದೆಲ್ಲ ಬೆರಳಿನ ಕೆಲಸ. ಮೀನು ಮೂತಿ ಇಟ್ಟದ್ದೋ, ನೀರು ಎಳೆದದ್ದೋ, ಬರೀ ಮನಸ್ಸಿನ ಭ್ರಮೆಯೋ ಎಂದು ಬೆರಳೇ ಹೇಳಬೇಕು. ಇಸ್ತ್ರಿಪೆಟ್ಟಿಗೆ ಎಷ್ಟು ಕಾದಿದೆ ಎಂದು ತಿಳಿಯಲು ಒದ್ದೆ ಮಾಡಿ ಮುಟ್ಟಿಸಿ ತೆಗೆಯುವುದೂ ಇದೇ ಬೆರಳು. ಎಷ್ಟೋ ವರ್ಷದ ಹಿಂದೆ, ಲಾಂಡ್ರಿಯಲ್ಲಿ ಒಗೆಯುವ ನೀರಿನ ಕಡೆಯಿಂದ ಒಣಗಿದ ಇಸ್ತ್ರಿಯ ಕಡೆಗೆ ಅವಳನ್ನು ಹಾಕಿದ ವಾರ ಅದು. ನೀರಿನ ಕಡೆಯವರ ಕೈ ಸದಾ ಬೆಳ್ಳಗೆ ನೆನೆದು ಸುಕ್ಕಾಗಿರುತ್ತಿತ್ತು. ಇಸ್ತ್ರಿಯ ಕಡೆಯವರ ಕೈ ಒಣಗಿರುತ್ತಿತ್ತು, ಕಾಲಿಗೆ ಚಪ್ಪಲಿ ಇರುತ್ತಿತ್ತು, ಕುತ್ತಿಗೆಗೆ ಒಂದಿಷ್ಟು ಪೌಡರು. ಹೊಸ ಮೇಲ್ವಿಚಾರಕಿ ಮೂಗು ಮೇಲೆತ್ತಿ ನಡೆಯುವವಳು, ಇಲ್ಲಿ ಅತಿಥಿಗಳ ಬಟ್ಟೆ ಇರುತ್ತೆ, ಯಾವ ವಾಸನೆಯೂ ಸುಳಿಯಬಾರದು ಎಂದು ಆ ಬೆಳಿಗ್ಗೆಯಷ್ಟೇ ಹೇಳಿದ್ದಳು. ಹಿತ್ತಿಲ ಬಾಗಿಲಲ್ಲಿ ತಂಗಿ ನಿಂತಿದ್ದಳು. ಮೀನು ಒಣಗಿಸುವ ಅಂಗಳದಿಂದ ನೇರ ಬಂದವಳು, ಬರಿಗಾಲು, ಕಾಲಿನ ತುಂಬ ಉಪ್ಪು, ಕೈಯಲ್ಲೊಂದು ಚೀಲ, ಮುಖದ ತುಂಬ ನಗು. ಅಕ್ಕಾ ಎಂದು ಕರೆಯಲು ಬಾಯಿ ತೆರೆದಿದ್ದಳು, ಕರೆದೇಬಿಟ್ಟಿದ್ದಳೋ ಏನೋ, ಬಾಯ್ಲರಿನ ಸದ್ದಿನಲ್ಲಿ ಮುಚ್ಚಿಹೋಯಿತು. ಯಾರದು, ಎಂದಳು ಮೇಲ್ವಿಚಾರಕಿ. ಇವಳು ಇಸ್ತ್ರಿಪೆಟ್ಟಿಗೆ ಕೆಳಗಿಡದೆ, ಆ ಕಡೆ ಎರಡು ಹೆಜ್ಜೆ ಹೋಗಿ ಕೇಳಿದಳು: ಯಾರು ಬೇಕಿತ್ತು ನಿಮಗೆ?

"ಎಳೀ! ಎಳೀ ಅಂದ್ರೆ! ನಿದ್ದೆ ಮಾಡ್ತಿದ್ಯಾ?"

ಬೆರಳ ಮೇಲೆ ದಾರ ಕುಣಿಯುತ್ತಿತ್ತು. ಎಳೆದಳು. ತಡವಾಗಿತ್ತು, ಗಾಳ ಬರಿದಾಗಿ ಬಂತು, ಮೀನು ಸಿಗಡಿಯನ್ನು ನೀಟಾಗಿ ತಿಂದು ಹೋಗಿತ್ತು.

"ಕಾಣೆ ಹಿಡಿಯೋಕೆ ಬಂದು ನೀನೇ ಕಾಣೆಯಾದ್ರೆ ಹೆಂಗೆ?" ಎಂದಳು ಲಂಗರು. ಕಾಣೆ ಮೀನಿನ ಮೇಲಿನ ಈ ಹಾಸ್ಯವನ್ನು ಅವಳು ಪ್ರತಿ ವಾರ ಮಾಡುತ್ತಿದ್ದಳು. ಪ್ರತಿ ವಾರವೂ ತಾನೇ ಮೊದಲು ನಗುತ್ತಿದ್ದಳು. ಅವಳ ಬುಟ್ಟಿಯಲ್ಲಿ ಆಗಲೇ ಮೂರೋ ನಾಲ್ಕೋ ಬೆಳ್ಳಿಯ ಕಡ್ಡಿಗಳ ಹಾಗೆ ಬಿದ್ದಿದ್ದವು. "ಸೂಪರ್‌ವೈಸರು ಕೆಲಸದಿಂದ ತೆಗೀತೀನಿ ಅಂದಳಾ?"

"ಇಲ್ಲಪ್ಪ."

"ಮತ್ತೆ ಮೊಣಕಾಲು?"

"ಮೊಣಕಾಲು ಯಾವಾಗಲೂ ಇದ್ದದ್ದೇ."

"ಹಂಗಾದ್ರೆ ಮನಸ್ಸು. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಗಾಳ ಹಾಕು."

ಗಾಳ ಹಾಕಿದಳು. ಈಗ ಹೇಳಬೇಕು, ಈಗ, ಎಂದು ನಾಲಿಗೆ ಮುಂದೆ ಬರುವುದು, ಹಲ್ಲಿನ ಹಿಂದೆ ನಿಲ್ಲುವುದು. ಹೋಟೆಲಿನ ಕಿಟಕಿಗಳ ಮೇಲೆ ಬಿಸಿಲು ಏರುತ್ತ ಒಂದೊಂದೇ ಸಾಲು ಹೊಳೆಯತೊಡಗಿತು. ತಂಗಿಯ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಗಂಡುಹುಡುಗನ ಹಾಗೆ ಒರಟು ದನಿ, ಚಿಕ್ಕಂದಿನಿಂದಲೂ; ಆಟಕ್ಕೆ ಕರೆದರೆ ಮೂರು ಮನೆಯಾಚೆ ಕೇಳಿಸುತ್ತಿತ್ತು, ಇವಳಿಗೆ ದನಿ ಕೊಡುವಾಗ ದೇವರ ಕೈ ತಪ್ಪಿತು ಎಂದು ಅಮ್ಮ ಹೇಳುತ್ತಿದ್ದಳು. ಹಾಗೆಂದು ಗೊತ್ತಿತ್ತು, ಆದರೆ ಕಿವಿಗೆ ಬರಲಿಲ್ಲ. ಬಂದದ್ದು ಒಂದೇ, ಆ ದಿನ ಬಾಗಿಲಲ್ಲಿ ನಗು ಆರಿದ ಮೇಲೆ, ತನ್ನನ್ನಲ್ಲ, ಮೇಲ್ವಿಚಾರಕಿಯನ್ನು ನೋಡಿಕೊಂಡು ಅವಳು ಹೇಳಿದ್ದು: 'ಬಾಗಿಲು ತಪ್ಪಿ ಬಂದೆ ಅಮ್ಮಾವ್ರೇ.' ಜಗಳ ಆಡಲಿಲ್ಲ. ಆಡಿದ್ದರೆ ಎಷ್ಟು ಚೆನ್ನಾಗಿತ್ತು. ಅಕ್ಕನ ಮಾನ ಉಳಿಸಿ ಹೋದಳು. ಇಡೀ ಜೀವಮಾನ ಜೊತೆಗಿದ್ದ ದನಿಯಲ್ಲಿ ಕೈಯಲ್ಲಿ ಉಳಿದದ್ದು ಆ ಒಂದು ವಾಕ್ಯ. ಅದನ್ನು ಬಿಟ್ಟು ಬೇರೆ ಏನಾದರೂ ಹೇಳಿಸಿಕೊಂಡು ಬರಲು ಒಂದು ತಿಂಗಳು ಪೂರ್ತಿ ಬಾಗಿಲು ತೆರೆದಿತ್ತು.

ದಾರ ಭಾರವಾಯಿತು. ಈ ಸಲ ತಡ ಮಾಡಲಿಲ್ಲ, ಕೈ ಮೇಲೆ ಕೈ ಹಾಕಿ ಎಳೆದಳು. ಬಂದದ್ದು ಕಾಣೆಯಲ್ಲ; ಅಂಗೈಗಿಂತ ದೊಡ್ಡದು, ಕಂದು ಬಣ್ಣ, ತಲೆ ದಪ್ಪ. ದೋಣಿಯ ಹಲಗೆಗೆ ಬಿದ್ದದ್ದೇ ತಡ ಗೊರ್, ಗೊರ್ ಎಂದು ಸದ್ದು ಮಾಡಿತು. ಬಾಯಿಂದಲ್ಲ, ಹೊಟ್ಟೆಯೊಳಗಿನಿಂದ ಎಲ್ಲೋ.

"ಗೊಣಗ!" ಎಂದಳು ಲಂಗರು ಖುಷಿಯಾಗಿ. "ನೋಡು, ಬೈತಿದೆ ನಿನ್ನ."

ಅದು ಬುಟ್ಟಿಯಲ್ಲಿ ಬಿದ್ದುಕೊಂಡು ಗೊಣಗುತ್ತಲೇ ಇತ್ತು. ಅವಳು ಕಣ್ಣು ತೆಗೆಯಲಾಗದೆ ನೋಡಿದಳು. "ಬಿಟ್ಟುಬಿಡೋಣ ಅದನ್ನ."

"ಯಾಕೆ?"

"ಸದ್ದು ಮಾಡ್ತಿದೆ."

"ಸದ್ದು ಮಾಡೋದನ್ನೆಲ್ಲ ಬಿಡ್ತಾ ಹೋದ್ರೆ ನನ್ನನ್ನೇ ಮೊದಲು ನೀರಿಗೆ ಹಾಕ್ಬೇಕಾಗತ್ತೆ. ಸ್ವಲ್ಪ ಹೊತ್ತು, ತಾನೇ ಸುಮ್ಮನಾಗತ್ತೆ."

ಸುಮ್ಮನಾಯಿತು. ಗೊರ್ ಎನ್ನುವುದಕ್ಕೂ ಗೊರ್ ಎನ್ನುವುದಕ್ಕೂ ನಡುವೆ ಬಿಡುವು ಹೆಚ್ಚುತ್ತ ಹೋಯಿತು, ಇನ್ನೊಂದು ಬರುತ್ತದೆ ಎಂದು ಕಾದರೆ ಬರಲಿಲ್ಲ. ಆಗ ಅವಳು ಟವೆಲಿಗೆ ಕೈ ಒರೆಸಿಕೊಂಡು ಕೈಚೀಲದಿಂದ ಕಾಗದ ತೆಗೆದಳು.

"ತಂಗಿ ಬರೆದಿದ್ದಾಳೆ," ಎಂದಳು.

"ನಿಂಗೆ ತಂಗಿ ಇದ್ದಾಳಾ?" ಲಂಗರು ತನ್ನ ದಾರವನ್ನು ದೋಣಿಯ ಅಂಚಿನ ಮೊಳೆಗೆ ಸುತ್ತಿ ಪೂರ್ತಿ ಈ ಕಡೆ ತಿರುಗಿದಳು. "ಇಷ್ಟು ವರ್ಷ ನನ್ನ ದೋಣೀಲಿ ಕೂತ್ಕೊಂಡು, ನನ್ನ ಗಂಡನ ಗೊರಕೆ ತನಕ ಎಲ್ಲಾ ಕೇಳ್ಕೊಂಡು, ಒಂದು ತಂಗಿ ಇದ್ದಾಳೆ ಅಂತ ಹೇಳೋಕೆ ಆಗ್ಲಿಲ್ವಾ? ಓದು, ಓದು."

ಓದಿದಳು. ದಡದ ಕಡೆಯಿಂದ ಗಾಳಿ ಬರುತ್ತಿದ್ದುದರಿಂದ ಕಾಗದದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸಂಜೆ ಶಾಲೆಯಲ್ಲಿ ಓದುತ್ತಿದ್ದ ಹಾಗೆ ಒಂದೊಂದು ಮಾತನ್ನೂ ಬಿಡಿಸಿ. ಗಂಟಲು, ಗಂಟು, ಆಸ್ಪತ್ರೆಯ ಸರದಿ. ಲಂಗರು ನಡುನಡುವೆ ಅಯ್ಯೋ ಪಾಪ ಎಂದಳು. "ಅದಕ್ಕೆ ಮೊದಲು ನೀನು ಒಮ್ಮೆ ಬಂದರೆ ಮಾತಾಡಬಹುದಿತ್ತು. ಬರಲಾಗದಿದ್ದರೆ ತಿಳಿಸು." ಓದಿ ಮುಗಿಸಿ ಮಡಿಸುವಾಗ ಅವಳಿಗೆ ಗೊತ್ತಾಯಿತು, ಬಾಯಿ ತನ್ನಷ್ಟಕ್ಕೆ ತಾನೇ ಬದಲಾಯಿಸಿ ಓದಿತ್ತು. ಕಣ್ಣು ನೋಡಿದ್ದು ಒಂದು, ನಾಲಿಗೆ ಹೇಳಿದ್ದು ಒಂದು. ತಂಗಿಯ ದನಿಯಲ್ಲಿ ನೀವು ಎಂಬ ಮಾತು ಹೊರಡುವುದೇ ಇಲ್ಲವೆಂದು ಆ ನಾಲಿಗೆಗೆ ಯಾರು ಹೇಳಿದ್ದರೋ.

"ಎಷ್ಟು ಚೆನ್ನಾಗಿ ಬರೆದಿದ್ದಾಳೆ," ಎಂದಳು ಲಂಗರು. "ಯಾವಾಗ ಹೋಗ್ತೀಯ?"

"ಇದು ಬಂದದ್ದು ಬಿಸಿಲುಗಾಲದಲ್ಲಿ."

ಲಂಗರು ಮೊಳೆಗೆ ಸುತ್ತಿದ್ದ ದಾರವನ್ನು ಇನ್ನೊಂದು ಸುತ್ತು ಬಿಗಿದಳು. ದೋಣಿಯ ಅಡಿಯಲ್ಲಿ ನೀರು ಲೊಚಗುಟ್ಟಿತು. ಆಮೇಲೆ ಕೇಳಿದಳು, "ಉತ್ತರ?"

"ಬರೀಲಿಲ್ಲ."

"ಯಾಕೆ?"

"ನಾನು ಸುಳ್ಳು ಓದಿದೆ. ನೀನು ಅಂತ ಬರೆದಿಲ್ಲ ಅವಳು. ನೀವು ಅಂತ ಬರೆದಿದ್ದಾಳೆ. ನೀವು ಬಂದರೆ, ತಿಳಿಸಿ. ನಾನೇನು ಅವಳಿಗೆ ಆಸ್ಪತ್ರೆ ಡಾಕ್ಟರಾ?" ಹೇಳುತ್ತ ಹೇಳುತ್ತ ದನಿ ಏರಿತು, ಇಷ್ಟು ದಿನ ಒಳಗೆ ಎಷ್ಟು ದೊಡ್ಡದಾಗಿ ಕಂಡಿದ್ದ ನ್ಯಾಯ ಹೊರಗೆ ಬಂದಾಗ ಇಷ್ಟೇ ಇತ್ತು, ಬಿಸಿಲಿಗೆ ಹಾಕಿದ ಕಾಲುಚೀಲದ ಹಾಗೆ.

ಲಂಗರು ಕಾಗದಕ್ಕೆ ಕೈ ಚಾಚಿದಳು, ಅದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿದಳು, ಓದುವವಳ ಹಾಗೆ ಅಲ್ಲ, ಬಟ್ಟೆಯ ನೇಯ್ಗೆ ನೋಡುವವಳ ಹಾಗೆ. "ಇದೇನು ಅಚ್ಚು ಹಾಕಿದ ಹಂಗಿದೆ. ನಿನ್ನ ತಂಗಿ ಎಲ್ಲಿ ಓದಿದಳು?"

"ಎಲ್ಲೂ ಇಲ್ಲ. ನನ್ನ ಹಾಗೇ. ಮೀನು ಒಣಗಿಸೋ ಕಡೆ ಕೆಲಸ."

"ಹಂಗಾದ್ರೆ ಅವಳಿಗೆ ಬರೆಯೋಕೆ ಬರತ್ತಾ?"

ಅವಳು ಕಾಗದವನ್ನು ಹಿಂದಕ್ಕೆ ಪಡೆದು ಆ ದುಂಡನೆಯ ಅಕ್ಷರಗಳನ್ನು ಮತ್ತೆ ನೋಡಿದಳು.

"ನನ್ನ ಕಥೆ ಕೇಳು," ಎಂದಳು ಲಂಗರು. "ಬೆರಳು ಹೋದಾಗ ನಮ್ಮಣ್ಣನಿಗೆ ಕಾಗದ ಹಾಕಿಸ್ದೆ. ಬರೆದಿದ್ದು ಆಸ್ಪತ್ರೆಯ ನರ್ಸು. ನಾನು ಹೇಳಿದ್ದು, ಲೋ ಅಣ್ಣ, ಎರಡು ಬೆರಳು ಹೋಯ್ತು ಕಣೋ, ಬಂದು ಸಾಯಿ ಇಲ್ಲಿ ಅಂತ. ಅವಳು ಬರೆದಿದ್ದು, ಪೂಜ್ಯ ಅಣ್ಣನವರಿಗೆ, ತಾವು ದಯಮಾಡಿ ಬರಬೇಕು. ಅಣ್ಣ ನಾನು ಸತ್ತೇ ಹೋದೆ ಅಂದ್ಕೊಂಡು ಹಾರ ತಗೊಂಡು ಬಂದ." ನಕ್ಕಳು, ಎದುರಿನ ಮುಖ ನೋಡಿ ನಿಲ್ಲಿಸಿದಳು. "ಬರೆಯೋರಿಗೆ ಮರ್ಯಾದೆ ಜಾಸ್ತಿ ಕಣೇ. ಬಾಯಲ್ಲಿ ಬಾರೇ ಅಂದಿರ್ತಾಳೆ ಪಾಪ. ಅಕ್ಕನಿಗೆ ಅಂದಮೇಲೆ ಬನ್ನಿ ಅಂತ ಬರೆದಿರ್ತಾರೆ ಯಾರೋ."

ಸಮುದ್ರ ಒಂದು ಕ್ಷಣ ಬೆಳ್ಳಗೆ ತೋರಿತು, ದಡ, ಹೋಟೆಲು, ಕಲ್ಲಿನ ಅಲೆತಡೆ ಎಲ್ಲವೂ. ಬಾರೇ ಅಕ್ಕ, ಒಂದ್ಸಲ ಬಾರೇ, ಎಂದು ಆ ಒರಟು ದನಿ ಯಾರೋ ನರ್ಸಿನ ಮುಂದೆ, ಪಕ್ಕದ ಮನೆಯ ಶಾಲೆಯ ಹುಡುಗಿಯ ಮುಂದೆ, ನೋಯುವ ಗಂಟಲಿನಿಂದ ಹೇಳುತ್ತಿದ್ದದ್ದು ಕೇಳಿಸಿದ ಹಾಗೇ ಆಯಿತು. ಎದೆಯೊಳಗೆ ಏನೋ ಹಿಗ್ಗಿತು. ಆಮೇಲೆ ಅದೇ ಜಾಗದಲ್ಲಿ ಕುಸಿಯಿತು. ಅಮ್ಮ ಹೋದ ದಿನ ಆಸ್ಪತ್ರೆಯ ಕಚೇರಿಯಲ್ಲಿ ಇಬ್ಬರೂ ಕಾಗದವೊಂದಕ್ಕೆ ಗುರುತು ಹಾಕಬೇಕಿತ್ತು. ಇವಳು ಹೊಸದಾಗಿ ಕಲಿತ ಸಹಿ ಹಾಕಿ, ಹೆಮ್ಮೆಯಿಂದ ಪೆನ್ನು ಕೆಳಗಿಟ್ಟಿದ್ದಳು. ತಂಗಿ ಸಹಿ ಹಾಕಿದಳೋ, ಹೆಬ್ಬೆಟ್ಟು ಒತ್ತಿದಳೋ? ಆ ಹೊತ್ತಿನಲ್ಲಿ ತಾನು ಕಿಟಕಿಯ ಹೊರಗೆ ನೋಡುತ್ತಿದ್ದಳು, ತಂಗಿಯ ಕಡೆ ನೋಡದೆ ಇರುವುದಕ್ಕೋಸ್ಕರವೇ ನೋಡುತ್ತಿದ್ದಳು. ಹೊರಗೆ ಒಬ್ಬ ಏಣಿ ಒರಗಿಸಿ ದೀಪದ ಗಾಜು ಒರೆಸುತ್ತಿದ್ದ, ಅವನ ಷರಟಿನ ಬಣ್ಣ ಕೂಡ ನೆನಪಿದೆ. ತಂಗಿಯ ಕೈ ನೆನಪಿಲ್ಲ. ಆ ದಿನ ತಂಗಿ ತನ್ನ ಜೊತೆ ಮಾತಾಡಲೇ ಇಲ್ಲ, ಚಿಕ್ಕಪ್ಪನ ಮಗಳನ್ನು ಕರೆದು 'ಅವರಿಗೆ ನೀರು ಬೇಕಾ ಕೇಳು' ಎಂದಿದ್ದಳು. ಅವರಿಗೆ. ಹಾಗೆ ಅಂದವಳು, ಬರೆಯುವವರು ನೀನು ಎಂದು ಬರೆಯಲು ಹೊರಟರೂ ತಡೆದು, ಅಲ್ಲ, ನೀವು ಅಂತಲೇ ಹಾಕಿ, ಅವರಿಗೆ ಅರ್ಥ ಆಗುತ್ತೆ, ಎಂದಿರಲಾರಳೆ? ಎರಡೂ ಆಗಿರಬಹುದು. ಕೇಳಿ ತಿಳಿಯಬಹುದಿತ್ತು, ದನಿ ಇದ್ದಾಗ. ಲಂಗರಿನ ಸಮಾಧಾನ ಅರ್ಧ ಕಥೆ ಕೇಳಿದವಳ ಸಮಾಧಾನ. ಬಾಗಿಲಿನ ಸಂಗತಿ ಅವಳಿಗೆ ಗೊತ್ತಿಲ್ಲ. ಹೇಳಿಬಿಡಲೆ ಎಂದು ನೋಡಿದಳು. ಲಂಗರು ಎರಡು ಬೆರಳಿಲ್ಲದ ಕೈಯಿಂದ ಸಿಗಡಿಯ ತುಂಡನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದಳು, ಉಗುರಿನ ಸಂದಿಯೆಲ್ಲ ಮೀನಿನ ರಕ್ತ. ಲಂಗರು ಕೊನೆಯ ತನಕ ನೀರಿನ ಕಡೆಯವಳು. ಹೇಳಲಿಲ್ಲ.

"ಈಗಲಾದ್ರೂ ಹೋಗು," ಎಂದಳು ಲಂಗರು. "ಮಾತು ಹೋಗಿದ್ರೆ ಕಿವಿ ಇದೆಯಲ್ಲ."

"ಬದುಕಿದ್ದರೆ."

"ಬಿಡ್ತು ಅನ್ನು."

ಇಳಿತ ಮುಗಿದು ನೀರು ತಿರುಗಿ, ದೋಣಿ ಹಗ್ಗದ ಸುತ್ತ ನಿಧಾನವಾಗಿ ಮುಖ ಬದಲಿಸಿತು. ಈಗ ಅವಳ ಎದುರಿಗಿದ್ದದ್ದು ದಡವಲ್ಲ, ಬರೀ ನೀರು. ಆಮೇಲೆ ಮೀನು ಚೆನ್ನಾಗಿ ಕಚ್ಚಿದವು, ಬೇಡಬೇಡವೆಂದರೂ. ಕೈ ತನ್ನ ಕೆಲಸ ಮಾಡುತ್ತಿತ್ತು, ಎಳೆ, ಬಿಡಿಸು, ಬುಟ್ಟಿಗೆ ಹಾಕು. ಒಂದು ಕಾಣೆಯ ಗಂಟಲಿನ ಆಳಕ್ಕೆ ಗಾಳ ಇಳಿದುಹೋಗಿತ್ತು, ಬಿಡಿಸಲು ಬರಲಿಲ್ಲ. ಲಂಗರು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಹಲ್ಲಿನಿಂದ ದಾರ ಕಚ್ಚಿ ಹರಿದು, ಗಾಳದ ಸಮೇತ ಬುಟ್ಟಿಗೆ ಎಸೆದಳು. ಹಿಂದಿರುಗುವಾಗ ಮೋಟಾರಿನ ಸದ್ದಿನಲ್ಲಿ ಲಂಗರು ಏನೋ ಕೂಗಿ ಹೇಳುತ್ತಿದ್ದಳು, ಅವಳು ತಲೆಯಾಡಿಸುತ್ತಿದ್ದಳು. ಮೆಟ್ಟಿಲ ಬಳಿ ಇಳಿಯುವಾಗ ಲಂಗರು ಹಾಳೆಯಲ್ಲಿ ಸುತ್ತಿ ಅವಳ ಪಾಲಿನ ಮೀನು ಕೊಟ್ಟು, "ಬರೀತೀಯಾ?" ಎಂದಳು.

"ನೋಡ್ತೀನಿ."

"ನೋಡ್ತೀನಿ ಅನ್ನೋಳು ಸಾಯೋ ತನಕ ನೋಡ್ತಾನೇ ಇರ್ತಾಳೆ. ನೋಡಬೇಡ. ಬರಿ."

ಅಂಚೆ ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು. ಒಳಗೆ ಜನ ಇದ್ದರು, ಫ್ಯಾನು ತಿರುಗುತ್ತಿತ್ತು. ಹಾಳೆ, ಲಕೋಟೆ ಕೊಂಡು ಗೋಡೆಯ ಬದಿಯ ಇಳಿಜಾರು ಹಲಗೆಯ ಮುಂದೆ ನಿಂತಳು. ಪಕ್ಕದಲ್ಲಿ ಫಾರಂ ತುಂಬುತ್ತಿದ್ದ ಹುಡುಗಿ ಮೂಗಿನ ಹತ್ತಿರ ಕೈ ತಂದು, ಮರ್ಯಾದೆಗೆ ಅದನ್ನು ಕೂದಲು ಸರಿಮಾಡುವ ಹಾಗೆ ಮಾಡಿ, ಮೆಲ್ಲಗೆ ಆಚೆ ಸರಿದಳು. ಮೀನಿನ ಪೊಟ್ಟಣವನ್ನು ಕಾಲ ಬಳಿ ಇಟ್ಟುಕೊಂಡಳು. ಹಾಳೆ ನೆನೆದು ನೆಲಕ್ಕೆ ನೀರು ಹರಿಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಅದಕ್ಕೂ ಒಂದಿಷ್ಟು ಶಕ್ತಿ ಬೇಕು. ಪೆನ್ನು ಹಿಡಿದ ಮೇಲೆ ಹೊಸದೊಂದು ಹೊಳೆಯಿತು. ತಂಗಿಗೆ ಬರೆಯಲು ಬಾರದಿದ್ದರೆ ಓದಲೂ ಬಾರದು. ಹಾಗಾದರೆ ಇದನ್ನು ಯಾರೋ ಗಟ್ಟಿಯಾಗಿ ಓದಿ ಹೇಳುತ್ತಾರೆ, ದುಂಡನೆಯ ಅಕ್ಷರದ ಆ ಯಾರೋ. ತಾನು ಬರೆಯುವುದೆಲ್ಲ ಮೊದಲು ಅವರ ಬಾಯಿಗೆ ಹೋಗುತ್ತದೆ. ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಆ ಅಪರಿಚಿತೆ ಅಕ್ಕನ ಹೊಲಸನ್ನು ಪದಪದವಾಗಿ ಬಿಡಿಸಿ ಓದುತ್ತಾಳೆ, ತಂಗಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೇಳುತ್ತಾಳೆ. ಸಾಕು ನಿಲ್ಲಿಸಿ ಎನ್ನಲೂ ಆಗುವುದಿಲ್ಲ, ಹಾಗಲ್ಲ ಹೀಗೆ ಎನ್ನಲೂ ಆಗುವುದಿಲ್ಲ, ಬೈಯಲೂ ಆಗುವುದಿಲ್ಲ. ಬೈಗುಳ ತಿನ್ನದೆ ಹೇಳಿಕೊಳ್ಳುವ ತಪ್ಪು, ತಪ್ಪೊಪ್ಪಿಗೆಯೇ ಅಲ್ಲ, ಕಟ್ಟಿಹಾಕಿದವರ ಮುಂದೆ ಮಾಡುವ ಭಾಷಣ. ಹಾಗೆಂದು ಬರೆಯದೆ ಹೊರಟುಬಿಡಬಹುದಿತ್ತು. ಬಾಗಿಲು ಅಲ್ಲೇ ಇತ್ತು.

ಬರೆದಳು. ನೀನು ಎಂದೇ ಬರೆದಳು. ಧೈರ್ಯ ಬಂದು ಅಲ್ಲ. ಎರಡೂ ತಪ್ಪಾದ ಮೇಲೆ ಕೈಗೆ ಸುಲಭವಾದದ್ದು ಅದು. 'ನಾನು ಬರಲಿಲ್ಲ. ರಜೆ ಸಿಗದೆ ಅಲ್ಲ, ರಜೆ ಕೇಳಲೇ ಇಲ್ಲ. ನೀನು ಲಾಂಡ್ರಿಗೆ ಬಂದ ದಿನ ನಾನು ಗುರುತಿಲ್ಲದವಳ ಹಾಗೆ ಮಾತಾಡಿಸಿದೆ. ಬೇಕೆಂದೇ ಮಾಡಿದ್ದು. ನಿನ್ನ ಕಾಲಿನ ಉಪ್ಪು ನೋಡಿ ನಾಚಿಕೆಯಾಗಿತ್ತು. ಈಗ ಹೇಗಿದ್ದೀಯೋ ಗೊತ್ತಿಲ್ಲ.' ಮುಂದೆ ಬರುತ್ತೇನೆ ಎಂದು ಬರೆಯಲು ಹೊರಟು ಬ ಹಾಕಿ, ನಿಲ್ಲಿಸಿ, ಅದನ್ನು ಹೊಡೆದುಹಾಕಿದಳು. ಬರುವಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಓದುವವರು ಆ ಹೊಡೆದುಹಾಕಿದ ಅಕ್ಷರವನ್ನು ಹೇಗೂ ಓದಿ ಹೇಳುವುದಿಲ್ಲ. ಕೆಳಗೆ 'ಅಕ್ಕ' ಎಂದು ಹಾಕಿ, ಅದನ್ನು ನೋಡಿ, ಲಕೋಟೆ ಅಂಟಿಸಿ, ಮೇಲೆ ತಂಗಿಯ ಹೆಸರು, ವಿಳಾಸ ಬರೆದಳು.

ಸಾಲು ಕರಗಿ ಅವಳ ಸರದಿ ಬಂತು. ಗುಮಾಸ್ತ ಲಕೋಟೆ ತಿರುಗಿಸಿ ನೋಡಿದ. ಮೂಲೆಯಲ್ಲೊಂದು ಒದ್ದೆ ಬೆರಳಿನ ಗುರುತಿತ್ತು. "ರಿಜಿಸ್ಟರ್ ಮಾಡೋದಾ, ಸಾದಾನಾ? ರಿಜಿಸ್ಟರ್ ಆದ್ರೆ ಅವರೇ ಸಹಿ ಹಾಕಿ ತಗೋಬೇಕು."

ಅವಳು ಲಕೋಟೆಯ ಮೇಲಿನ ಹೆಸರನ್ನೇ ನೋಡಿದಳು.

"ಅವರಿಗೆ ಸಹಿ ಹಾಕೋಕೆ ಬರತ್ತೆ ತಾನೇ?"

"ಗೊತ್ತಿಲ್ಲ."

"ನಿಮಗೇನಾಗಬೇಕು ಅವರು?"

"ತಂಗಿ."

ಗುಮಾಸ್ತ ಕಣ್ಣೆತ್ತಿ ಅವಳನ್ನು ನೋಡಿದ, ಇಂಥವರನ್ನೆಲ್ಲ ದಿನಾ ನೋಡುವವನ ಹಾಗೆ, ಮತ್ತೆ ಕಣ್ಣು ಇಳಿಸಿದ. "ಸಾದಾನೇ ಇರ್ಲಿ ಬಿಡಿ," ಎಂದು ಮೊಹರು ಒತ್ತಿ, ತಿರುಗಿ ನೋಡದೆ ಬೆನ್ನ ಹಿಂದಿನ ಚೀಲಕ್ಕೆ ಎಸೆದ. ಅದು ಉಳಿದವುಗಳ ಮೇಲೆ ಬಿದ್ದ ಸದ್ದು ಕೂಡ ಕೇಳಿಸಲಿಲ್ಲ. ಅವಳ ಕೈ ಕಟ್ಟೆಯ ಮೇಲೆಯೇ ಇತ್ತು, ಲಕೋಟೆ ಹಿಡಿದಿದ್ದಾಗ ಇದ್ದ ಹಾಗೆಯೇ ಬೆರಳು ಮಡಿಸಿಕೊಂಡು.

ಹಿಂದೆ ನಿಂತಿದ್ದ ಮನುಷ್ಯ ಗಂಟಲು ಸರಿಮಾಡಿಕೊಂಡ. "ನಿಮ್ದಾಯ್ತೇನಮ್ಮಾ?"

"ಹೂಂ," ಎಂದಳು ಅವಳು, ಪಕ್ಕಕ್ಕೆ ಸರಿಯುತ್ತ. "ನಮ್ದಾಯ್ತು."